ಕೊಡಗಿನ ಮಳೆ, ಏರು, ಕರೆಂಟಿಗೆ ತಾಳುವ ಗಾಡಿ, ಗೇಮ್, ಗ್ಯಾಜೆಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಫೋನ್, ಸ್ಕೂಟರ್, ಗೇಮ್ ಕನ್ಸೋಲ್ ಕೊಳ್ಳುವ ಮೊದಲು ಎಲ್ಲರೂ ಯೂಟ್ಯೂಬ್ ನೋಡುತ್ತಾರೆ. ಅಲ್ಲಿನ ವಿಮರ್ಶೆಗಳು ಹೆಚ್ಚಾಗಿ ಬೆಂಗಳೂರು, ಮುಂಬೈ, ದೆಹಲಿಯಲ್ಲಿ ಮಾಡಿದವು. ರಸ್ತೆ ಸಮತಟ್ಟು, ಕರೆಂಟು ಸದಾ ಇರುತ್ತದೆ, ಸರ್ವಿಸ್ ಸೆಂಟರ್ ಹತ್ತಿರದಲ್ಲೇ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಬಿಟ್ಟರೆ ಮಂಜು, ರಸ್ತೆ ಎಂದರೆ ಏರು, ಇಳಿತ, ತಿರುವು. ಹಾಗಾಗಿ ಅದೇ ವಸ್ತುವಿನ ಬಗ್ಗೆ ಇಲ್ಲಿಯ ಅಭಿಪ್ರಾಯ ಬೇರೆಯೇ ಆಗುತ್ತದೆ. ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಕೈಕೊಡದ ವಸ್ತು ಮಾತ್ರ ಕೊಡಗಿಗೆ ಒಳ್ಳೆಯದು ಎಂದು ನಾನು ನಂಬಿದ್ದೇನೆ. ನೆಂಟರು, ಅಕ್ಕಪಕ್ಕದವರು, ತೋಟದ ಕಡೆಯವರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಅದೇ ಲೆಕ್ಕದಲ್ಲಿ ಉತ್ತರ ಬರೆದಿದ್ದೇನೆ.

ಎಲೆಕ್ಟ್ರಿಕ್ ಸ್ಕೂಟರ್ ಸಂಪಾಜೆ ಘಾಟಿ ಹತ್ತುತ್ತದಾ?

ಹತ್ತುತ್ತದೆ. ಮೇಲೆ ಬಂದು ಮುಟ್ಟುವಾಗ ಎಷ್ಟು ಚಾರ್ಜ್ ಉಳಿದಿರುತ್ತದೆ ಎಂದು ಮಾತ್ರ ಮೊದಲೇ ಲೆಕ್ಕ ಹಾಕಿಕೊಳ್ಳಿ.

ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸುಳ್ಯದ ಕಡೆಯಿಂದ ಸಂಪಾಜೆ ಘಾಟಿ ಹತ್ತಿ ಬರುವಾಗ ನಾವು ಹತ್ತಿರ ಹತ್ತಿರ 1,000 ಮೀಟರ್ ಮೇಲೇರುತ್ತೇವೆ. ಸ್ಕೂಟರ್ ಮತ್ತು ಇಬ್ಬರು ಸವಾರರು ಸೇರಿ 250 ಕಿಲೋ ಎಂದುಕೊಳ್ಳಿ. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾಗುವ ವಿದ್ಯುತ್ ಸುಮಾರು 0.7 ಯೂನಿಟ್ (ಕರೆಂಟ್ ಬಿಲ್ಲಿನ ಅದೇ ಯೂನಿಟ್, ಅಂದರೆ ಕಿಲೋವ್ಯಾಟ್ ಅವರ್). ಮೋಟಾರಿನಲ್ಲಿ ಬಿಸಿಯಾಗಿ ಹೋಗುವುದು ಒಂದಿಷ್ಟು. ರಸ್ತೆಯಲ್ಲಿ ಸುಮ್ನೆ ಓಡಲು ಬೇಕಾದದ್ದು ಬೇರೆ. ಎಲ್ಲ ಸೇರಿದರೆ ಘಾಟಿಯ ಏರಿಗೇ ಒಂದೂವರೆ ಯೂನಿಟ್ ಹೋಗುತ್ತದೆ. 3 ಯೂನಿಟ್ ಬ್ಯಾಟರಿಯ ಸ್ಕೂಟರಿನಲ್ಲಿ ಅದು ಅರ್ಧ ಚಾರ್ಜ್. ಕಂಪನಿ ಹೇಳುವ 100 ಚಿಲ್ಲರೆ ಕಿಲೋಮೀಟರ್ ರೇಂಜ್ ಸಮತಟ್ಟು ರಸ್ತೆಯದ್ದು, ಒಬ್ಬರೇ ಕೂತು ಮೆಲ್ಲಗೆ ಹೋದಾಗಿನದ್ದು. ಅದನ್ನು ಇಲ್ಲಿ ನಂಬಿ ಹೊರಡಬೇಡಿ.

ಇನ್ನೊಂದು ವಿಷಯ, ಮೋಟಾರಿನ ಬಿಸಿ. ಬಿಡುವಿಲ್ಲದೆ ಏರು ಹತ್ತಿದರೆ ಬಿಸಿ ಜಾಸ್ತಿಯಾಗಿ ಕೆಲವು ಸ್ಕೂಟರ್‌ಗಳು ತಾವಾಗಿಯೇ ಶಕ್ತಿ ಕಡಿಮೆ ಮಾಡಿಕೊಳ್ಳುತ್ತವೆ. ಅದು ಕೆಟ್ಟಿದ್ದಲ್ಲ, ಮೋಟಾರನ್ನು ಕಾಪಾಡುವ ವ್ಯವಸ್ಥೆ. ಸ್ವಲ್ಪ ನಿಲ್ಲಿಸಿ, ಆಮೇಲೆ ಹೊರಡಿ. ಕೊಳ್ಳುವ ಮೊದಲು ಟೆಸ್ಟ್ ರೈಡನ್ನು ಕುಶಾಲನಗರದ ನೇರ ರಸ್ತೆಯಲ್ಲಿ ಮಾಡಿ ಮುಗಿಸಬೇಡಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ನಿಮ್ಮ ಮನೆಯ ಏರನ್ನೇ ಹತ್ತಿಸಿ ನೋಡಿ. ತೋಟದ ಮನೆಯ ಗೇಟಿನಿಂದ ಅಂಗಳದವರೆಗಿನ ಕಲ್ಲು ಏರು ಎಷ್ಟೋ ಸಲ ಘಾಟಿಗಿಂತ ಕಷ್ಟ.

ಇಳಿಯುವಾಗ ಚಾರ್ಜ್ ವಾಪಸ್ ಬರುತ್ತದೆ ಅನ್ನುತ್ತಾರೆ, ನಿಜವಾ?

ನಿಜ, ಆದರೆ ಹತ್ತಲು ಖರ್ಚಾದದ್ದೆಲ್ಲ ಬರುವುದಿಲ್ಲ. ಇಳಿಯುವಾಗ ಮೋಟಾರು ಜನರೇಟರಿನಂತೆ ತಿರುಗಿ ಒಂದು ಪಾಲನ್ನು ಬ್ಯಾಟರಿಗೆ ಕೊಡುತ್ತದೆ. ಅದರ ಜೊತೆಗೆ ಗಾಡಿಯನ್ನು ಹಿಡಿದೂ ನಿಲ್ಲಿಸುತ್ತದೆ. ಬ್ರೇಕ್ ಬಿಸಿಯಾಗುವುದು ತಪ್ಪುತ್ತದೆ. ಘಾಟಿಯವರಿಗೆ ಇದೇ ದೊಡ್ಡ ಲಾಭ.

ಒಂದು ಎಚ್ಚರಿಕೆ ಇದೆ. ಬ್ಯಾಟರಿ ಪೂರ್ತಿ ತುಂಬಿದ್ದರೆ ವಾಪಸ್ ಬರುವ ವಿದ್ಯುತ್ತಿಗೆ ಜಾಗವೇ ಇರುವುದಿಲ್ಲ. ಆಗ ಈ ಹಿಡಿತ ಕಡಿಮೆಯಾಗುತ್ತದೆ ಅಥವಾ ಸಿಗುವುದೇ ಇಲ್ಲ. ಮಡಿಕೇರಿಯಲ್ಲಿ ರಾತ್ರಿಯಿಡೀ ನೂರಕ್ಕೆ ನೂರು ಚಾರ್ಜ್ ಮಾಡಿ ಬೆಳಗ್ಗೆ ನೇರ ಸಂಪಾಜೆ ಇಳಿಯುವವರು ಇದನ್ನು ನೆನಪಿಡಬೇಕು. 90ಕ್ಕೆ ನಿಲ್ಲಿಸಿ ಹೊರಡಿ.

ಎಲೆಕ್ಟ್ರಿಕ್ ಕಾರು ಕೊಳ್ಳಬಹುದಾ? ಮೈಸೂರಿಗೆ ಹೋಗಿ ಬರಲು ಆಗುತ್ತದಾ?

ಕೊಡಗಿಗೆ ರೈಲು ಇಲ್ಲ. ಆಸ್ಪತ್ರೆ, ಕಾಲೇಜು, ಬಟ್ಟೆ, ಎಲ್ಲಕ್ಕೂ ಮೈಸೂರು ಇಲ್ಲವೇ ಮಂಗಳೂರು. ಅದಕ್ಕೇ ಈ ಪ್ರಶ್ನೆ ಇಷ್ಟು ಮುಖ್ಯ.

ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮೈಸೂರು ನಮಗಿಂತ 400 ಮೀಟರಿನಷ್ಟು ಕೆಳಗಿದೆ. ಹೋಗುವಾಗ ಖರ್ಚು ಕಡಿಮೆ. ಬರುವಾಗ ಆ ಎತ್ತರಕ್ಕೆಂದೇ ಸುಮಾರು 2 ಯೂನಿಟ್ ಜಾಸ್ತಿ ಬೇಕು. ಟಿಯಾಗೊ ಇವಿಯಂಥ ಚಿಕ್ಕ ಕಾರಿನಲ್ಲಿ 19.2 ಅಥವಾ 24 ಯೂನಿಟ್ ಬ್ಯಾಟರಿ ಇರುತ್ತದೆ. ಅಂಥದ್ದರಲ್ಲಿ ಹೋಗಿ ಬರುವುದಾದರೆ ಮೈಸೂರಿನಲ್ಲಿ ಒಮ್ಮೆ ಚಾರ್ಜ್ ಮಾಡಲೇಬೇಕು. 40 ಯೂನಿಟ್ ಮೇಲಿನ ಕಾರಾದರೆ ಅಷ್ಟು ಆತಂಕವಿಲ್ಲ.

ನನಗೆ ದೂರಕ್ಕಿಂತ ಮನೆಯ ವೈರಿಂಗಿನದ್ದೇ ಯೋಚನೆ ಜಾಸ್ತಿ. ಕಾರಿನ ಜೊತೆ ಬರುವ ಸಾಮಾನ್ಯ ಚಾರ್ಜರ್ ಗಂಟೆಗಟ್ಟಲೆ 15 ಆಂಪ್ ಎಳೆಯುತ್ತದೆ. 24 ಯೂನಿಟ್ ತುಂಬಲು ಎಂಟೊಂಬತ್ತು ಗಂಟೆ ಬೇಕು. ಹಳೆಯ ಹೆಂಚಿನ ಮನೆಗಳ ವೈರ್ ಅಷ್ಟು ಹೊತ್ತು ಅಷ್ಟು ಹೊರೆ ತಾಳುವುದಿಲ್ಲ. ಅರ್ಥಿಂಗ್ ಸರಿ ಇಲ್ಲದಿದ್ದರೆ ಚಾರ್ಜರ್ ಶುರುವಾಗುವುದೇ ಇಲ್ಲ. ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ಸಂಜೆ ವೋಲ್ಟೇಜ್ ಬೀಳುತ್ತದೆ. ಮೀಟರ್ ಬೋರ್ಡಿನಿಂದ ನೇರ ಬೇರೆ ವೈರ್ ಎಳೆಸಿ, ಹೊಸ ಅರ್ಥಿಂಗ್ ಗುಂಡಿ ತೋಡಿಸಿ, ಆಮೇಲೆ ಶೋರೂಮಿಗೆ ಹೋಗಿ.

ಮನೆಯಲ್ಲಿ ಇನ್ನೊಂದು ಪೆಟ್ರೋಲ್ ಅಥವಾ ಡೀಸೆಲ್ ಗಾಡಿ ಇದ್ದರೆ ಎಲೆಕ್ಟ್ರಿಕ್ ಕಾರನ್ನು ಧೈರ್ಯವಾಗಿ ಕೊಳ್ಳಿ. ದಿನದ ಓಡಾಟಕ್ಕೆ ಇಷ್ಟು ನಯವಾದ, ಕಡಿಮೆ ಖರ್ಚಿನ ಗಾಡಿ ಬೇರೆ ಇಲ್ಲ. ಇರುವುದು ಒಂದೇ ಕಾರು, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ ಎಂದಾದರೆ ಈಗಲೇ ಬೇಡ. ರಾತ್ರಿ ಆಸ್ಪತ್ರೆಗೆ ಓಡಬೇಕಾದಾಗ ಚಾರ್ಜ್ ಇಲ್ಲ ಎಂದಾಗಬಾರದು.

ಎಲೆಕ್ಟ್ರಿಕ್ ಗಾಡಿಯನ್ನು ಮಳೆಯಲ್ಲಿ ಓಡಿಸಿದರೆ ಶಾಕ್ ಹೊಡೆಯುತ್ತದಾ?

ಇಲ್ಲ. ಹೆಚ್ಚಿನ ಬ್ಯಾಟರಿಗಳಿಗೆ ಐಪಿ67 ರಕ್ಷಣೆ ಇರುತ್ತದೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಒಳಗೆ ನೀರು ಹೋಗಬಾರದು ಎಂಬ ಪರೀಕ್ಷೆ ಅದು. ಆದರೆ ಅದನ್ನು ನಂಬಿ ಭಾಗಮಂಡಲದಲ್ಲೋ ಕರಡಿಗೋಡಿನಲ್ಲೋ ಹೊಳೆ ನೀರು ಹರಿಯುವ ರಸ್ತೆಗೆ ಇಳಿಯಬೇಡಿ. ಹರಿಯುವ ನೀರು ಯಾವ ಗಾಡಿಯನ್ನಾದರೂ ಎಳೆದುಕೊಂಡು ಹೋಗುತ್ತದೆ. ಚಾರ್ಜಿಂಗ್ ಪ್ಲಗ್ ಮಾತ್ರ ಸೂರಿನ ಕೆಳಗೇ ಇರಲಿ.

ಗೇರ್ ಇಲ್ಲದ ಕಾರು ನಮ್ಮ ತಿರುವುಗಳಿಗೆ ಸರಿಯಾ?

ಅಗ್ಗದ ಎಎಂಟಿ ಕಾರುಗಳು (ಮಾಮೂಲಿ ಗೇರನ್ನೇ ತಾವಾಗಿ ಬದಲಿಸುವಂಥವು) ಏರಿನ ತಿರುವಿನಲ್ಲಿ ಒಂದು ಕ್ಷಣ ತಡವರಿಸುತ್ತವೆ. ಯಾವ ಗೇರ್ ಹಾಕಬೇಕೆಂದು ಅವು ಯೋಚಿಸುವಷ್ಟರಲ್ಲಿ ಎದುರಿಗೆ ಬಸ್ಸು ಬಂದಿರುತ್ತದೆ. ಮ್ಯಾನುವಲ್ ಮೋಡಿಗೆ ಹಾಕಿ ಎರಡನೇ ಗೇರಿನಲ್ಲೇ ಹತ್ತಿದರೆ ತೊಂದರೆ ಇಲ್ಲ. ಇಳಿಯುವಾಗಲೂ ಹಾಗೇ. ಹಿಲ್ ಹೋಲ್ಡ್ (ಏರಿನಲ್ಲಿ ಬ್ರೇಕ್ ಬಿಟ್ಟಾಗ ಹಿಂದೆ ಜಾರದಂತೆ ಹಿಡಿಯುವ ವ್ಯವಸ್ಥೆ) ಇಲ್ಲದ ಎಎಂಟಿ ಕೊಡಗಿಗೆ ಬೇಡ ಎಂದು ಖಡಾಖಂಡಿತವಾಗಿ ಹೇಳುತ್ತೇನೆ.

ಹಾಗೆಯೇ ಈಗ ಹೊಸ ಕಾರುಗಳಲ್ಲಿ ಎಡಾಸ್ ಎಂದು ಬರುತ್ತದೆ. ಲೇನ್ ಹಿಡಿದು ಓಡುವುದು, ತಾನೇ ಬ್ರೇಕ್ ಹಾಕುವುದು. ನಮ್ಮ ಒಳರಸ್ತೆಗಳಲ್ಲಿ ಬಿಳಿ ಗೆರೆಯೇ ಇಲ್ಲ, ಮಂಜಿನಲ್ಲಿ ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ. ಅದಕ್ಕೆಂದು ಲಕ್ಷ ರೂಪಾಯಿ ಜಾಸ್ತಿ ಕೊಡುವ ಬದಲು ಒಳ್ಳೆಯ ಟೈರ್ ಹಾಕಿಸಿ.

ಮಂಜಿಗೆ ಯಾವ ಲೈಟ್?

ಹೈ ಬೀಮ್ ಹಾಕಬೇಡಿ. ಮಂಜಿನ ಹನಿಗಳಿಗೆ ಬೆಳಕು ತಾಗಿ ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಲೋ ಬೀಮ್, ಬಂಪರಿನ ಕೆಳಗೆ ಕೂರುವ ಫಾಗ್ ಲ್ಯಾಂಪ್, ಇಷ್ಟು ಸಾಕು. ಎದುರಿನವರ ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ಬಾರ್ ಹಾಕಿಸಿಕೊಳ್ಳುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಬೈಕಿಗೆ ಎಬಿಎಸ್ ಅಗತ್ಯವಾ?

ಹೌದು. ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ ಅದು. 125 ಸಿಸಿಗಿಂತ ಹೆಚ್ಚಿನ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಅದು ಕಡ್ಡಾಯ. ಹಳೆಯ ಬೈಕ್ ಕೊಳ್ಳುವವರು ಇದನ್ನು ನೋಡಿಕೊಳ್ಳಿ. ಪಾಚಿ ಕಟ್ಟಿದ ಡಾಂಬರು, ಒದ್ದೆ ಎಲೆ, ತೋಟದಿಂದ ಬಂದ ಕೆಸರು ಇರುವ ರಸ್ತೆಯಲ್ಲಿ ಚಕ್ರ ಲಾಕ್ ಆಗದಿರುವುದೇ ಪ್ರಾಣ ಉಳಿಸುತ್ತದೆ.

ಗೂಗಲ್ ಮ್ಯಾಪ್ ತೋಟದೊಳಗೆ ಕರೆದುಕೊಂಡು ಹೋಗುತ್ತದೆ. ಯಾಕೆ?

ತೋಟದ ಖಾಸಗಿ ರಸ್ತೆಯೂ ಊರ ರಸ್ತೆಯೂ ಮೇಲಿನಿಂದ ನೋಡಿದರೆ ಒಂದೇ ರೀತಿ. ನಕ್ಷೆಯಲ್ಲಿ ಗೇಟು ಕಾಣುವುದಿಲ್ಲ, ಹತ್ತಿರದ ದಾರಿ ಎಂದು ಅದು ಅಲ್ಲಿಗೇ ಕಳುಹಿಸುತ್ತದೆ. ಪ್ರವಾಸಿಗರು ರಾತ್ರಿ ಹೀಗೆ ಸಿಕ್ಕಿಹಾಕಿಕೊಳ್ಳುವುದು ಮಾಮೂಲಿ. ಹೋಂಸ್ಟೇ ನಡೆಸುವವರು ಲೊಕೇಶನ್ ಪಿನ್ ಕಳುಹಿಸಿ ಸುಮ್ಮನಾಗಬಾರದು. ಯಾವ ಅಂಗಡಿ ಹತ್ತಿರ ತಿರುಗಬೇಕು ಎಂದು ಎರಡು ಸಾಲು ಬರೆದು ಕಳುಹಿಸಿ.

ಜಿಪಿಎಸ್ ಕೆಲಸ ಮಾಡಲು ಇಂಟರ್ನೆಟ್ ಬೇಡ. ಅದು ಉಪಗ್ರಹದ ಸಂಕೇತ. ಇಂಟರ್ನೆಟ್ ಬೇಕಾಗುವುದು ನಕ್ಷೆಯ ಚಿತ್ರಕ್ಕೆ. ಕೊಡಗಿನ ನಕ್ಷೆಯನ್ನು ಮನೆಯ ವೈಫೈನಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಕೇರಳದ ಕಡೆ ಇಳಿಯುವ, ನೆಟ್‌ವರ್ಕ್ ಇಲ್ಲದ ಮಾಕುಟ್ಟ ರಸ್ತೆಯಲ್ಲೂ ದಾರಿ ತೋರಿಸುತ್ತದೆ.

ಆದರೆ ರಸ್ತೆ ಇದೆಯೋ ಕುಸಿದಿದೆಯೋ ಎನ್ನುವುದನ್ನು ಡೌನ್‌ಲೋಡ್ ಮಾಡಿದ ನಕ್ಷೆ ಹೇಳುವುದಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಮಂಗಳೂರು ರಸ್ತೆ ಬಂದ್ ಆದದ್ದು ಎಲ್ಲರಿಗೂ ಗೊತ್ತು. ಜೋರು ಮಳೆಯ ದಿನ ಹೊರಡುವ ಮೊದಲು ಆ ದಾರಿಯಲ್ಲಿ ಆಗಷ್ಟೇ ಬಂದ ಬಸ್ ಡ್ರೈವರನ್ನು ಕೇಳಿ. ನಾಗರಹೊಳೆ ಕಾಡಿನ ರಸ್ತೆ ರಾತ್ರಿ ಮುಚ್ಚಿರುತ್ತದೆ ಎನ್ನುವುದನ್ನೂ ಮ್ಯಾಪ್ ಹೇಳುತ್ತದೆ ಎಂದು ನಂಬಿ ಕೂರಬೇಡಿ.

ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ನೆಟ್‌ವರ್ಕೂ ಹೋಗುತ್ತದೆ. ಏನು ಮಾಡಬೇಕು?

ಟವರಿಗೂ ಕರೆಂಟ್ ಬೇಕು. ಬ್ಯಾಟರಿ ಮುಗಿದು ಡೀಸೆಲ್ ಜನರೇಟರ್ ಓಡದಿದ್ದರೆ ಟವರ್ ಸತ್ತಂತೆ. ಮರ ಬಿದ್ದು ಲೈನ್ ಹರಿದಾಗ ಮಳೆಯಲ್ಲೇ ಕಂಬ ಹತ್ತುವ ಲೈನ್‌ಮನ್‌ಗಳು ಎಷ್ಟು ಕಷ್ಟಪಟ್ಟರೂ ಕಾಡಿನೊಳಗಿನ ಲೈನ್ ಸರಿಯಾಗಲು ದಿನಗಳೇ ಬೇಕಾಗುತ್ತವೆ.

ಇದಕ್ಕೆ ಮೂರು ದಾರಿ. ಮೊದಲನೆಯದು, ಎರಡು ಸಿಮ್ ಎರಡು ಬೇರೆ ಕಂಪನಿಯದ್ದಿರಲಿ, ಎರಡೂ ಒಂದೇ ಟವರಿನಿಂದ ಬರದಿದ್ದರೆ ಇನ್ನೂ ಒಳ್ಳೆಯದು. ಎರಡನೆಯದು, ಫೈಬರ್ ಇಂಟರ್ನೆಟ್ ಇರುವ ಮನೆಯಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಡಿ. ಏರ್‌ಟೆಲ್ 2019ರ ಕೊನೆಗೆ, ಜಿಯೋ 2020ರ ಆರಂಭಕ್ಕೆ ಇದನ್ನು ಕೊಟ್ಟವು. ಟವರ್ ಸಿಗ್ನಲ್ ಒಂದು ಗೆರೆಯೂ ಇಲ್ಲದ ಮನೆಯಿಂದ ಮಾಮೂಲಿ ಫೋನ್ ಮಾಡಬಹುದು. ಎಷ್ಟೋ ಮನೆಗಳಲ್ಲಿ ಫೈಬರ್ ಇದ್ದೂ ಜನ ಫೋನ್ ಹಿಡಿದುಕೊಂಡು ಗುಡ್ಡ ಹತ್ತುತ್ತಾರೆ, ನೋಡಿದರೆ ಬೇಸರವಾಗುತ್ತದೆ. ಸೆಟ್ಟಿಂಗ್ಸಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು.

ಮೂರನೆಯದು ರೂಟರಿಗೆ ಬ್ಯಾಟರಿ. 12 ವೋಲ್ಟಿನ ಮಿನಿ ಯುಪಿಎಸ್ ಸಿಗುತ್ತದೆ. ಕೊಳ್ಳುವಾಗ ಎಂಎಎಚ್ ನೋಡಿ ಮರುಳಾಗಬೇಡಿ, ವ್ಯಾಟ್ ಅವರ್ ಎಷ್ಟು ಎಂದು ಕೇಳಿ. 20,000 ಎಂಎಎಚ್ ಪವರ್ ಬ್ಯಾಂಕಿನ ಒಳಗಿರುವುದು 74 ವ್ಯಾಟ್ ಅವರ್. ನಷ್ಟ ಕಳೆದರೆ 60ರ ಹತ್ತಿರ ಸಿಗುತ್ತದೆ. 8 ವ್ಯಾಟ್ ಎಳೆಯುವ ರೂಟರನ್ನು ಅದು ಏಳು ಗಂಟೆ ಓಡಿಸುತ್ತದೆ.

ಸಿಡಿಲಿಗೆ ಟಿವಿ, ರೂಟರ್ ಸುಟ್ಟುಹೋಗುವುದನ್ನು ತಡೆಯುವುದು ಹೇಗೆ?

ಪ್ಲಗ್ ಕಿತ್ತಿಡಿ. ಇದಕ್ಕಿಂತ ಗಟ್ಟಿಯಾದ ರಕ್ಷಣೆ ಇಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು. ಡಿಶ್ ಟಿವಿಯ ಕೇಬಲ್ಲನ್ನೂ ತೆಗೆಯಿರಿ, ಚಾವಣಿಯ ಮೇಲಿನಿಂದ ಬರುವ ತಾಮ್ರದ ತಂತಿ ಅದು. ಫೈಬರ್ ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಹಳೆಯ ತಾಮ್ರದ ಲೈನ್ ಬದಲಿಸಿ ಫೈಬರ್ ಹಾಕಿಸಿಕೊಳ್ಳಲು ನನ್ನ ಪ್ರಕಾರ ವೇಗಕ್ಕಿಂತ ಇದೇ ದೊಡ್ಡ ಕಾರಣ.

ಕ್ಯಾಮೆರಾ ಲೆನ್ಸಿಗೆ, ಲ್ಯಾಪ್‌ಟಾಪಿಗೆ ಬೂಸಲು ಹಿಡಿಯುತ್ತದೆ.

ಬಟ್ಟೆಗೆ, ಚಪ್ಪಲಿಗೆ ಹಿಡಿಯುವ ಬೂಸಲು ಲೆನ್ಸನ್ನು ಬಿಡುತ್ತದಾ? ಗಾಳಿಯಲ್ಲಿ ತೇವ ಜಾಸ್ತಿ ಇದ್ದು, ವಸ್ತು ಕತ್ತಲೆಯಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದರೆ ಅದು ಬೆಳೆಯುತ್ತದೆ. ಚರ್ಮದ ಚೀಲ ಬೇಡ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಒಳಗೆ ತೇವ ಅಳೆಯುವ ಚಿಕ್ಕ ಮೀಟರ್ ಇಟ್ಟು, 40ರಿಂದ 50 ಪರ್ಸೆಂಟ್ ಒಳಗೆ ಇರುವಂತೆ ನೋಡಿಕೊಳ್ಳಿ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ಹಿರಿಯರು ಒಲೆಯ ಮೇಲಿನ ಅಟ್ಟದಲ್ಲಿ ವಸ್ತುಗಳನ್ನು ಬೆಚ್ಚಗಿಡುತ್ತಿದ್ದರು. ಮೆಣಸಿಗೆ, ಬೀಜಕ್ಕೆ ಅದು ಒಳ್ಳೆಯದು, ಆದರೆ ಹೊಗೆ ಲೆನ್ಸಿಗೆ ಆಗುವುದಿಲ್ಲ.

ಲ್ಯಾಪ್‌ಟಾಪ್, ಟಿವಿಯನ್ನು ಮಳೆಗಾಲದಲ್ಲಿ ದಿನಕ್ಕೊಮ್ಮೆ ಆನ್ ಮಾಡಿ. ಒಳಗಿನ ಬಿಸಿಯೇ ತೇವವನ್ನು ಓಡಿಸುತ್ತದೆ.

ವಾಟರ್‌ಪ್ರೂಫ್ ಫೋನ್ ಕೊಂಡರೆ ನಿಶ್ಚಿಂತೆಯಾ?

ಅರ್ಧ ನಿಶ್ಚಿಂತೆ. ಐಪಿ68 ಪರೀಕ್ಷೆ ನಡೆಯುವುದು ಹೊಸ ಫೋನಿನ ಮೇಲೆ, ಶುದ್ಧ ನೀರಿನಲ್ಲಿ. ಒಮ್ಮೆ ಬಿದ್ದು ಅಂಚು ಬಿರುಕು ಬಿಟ್ಟರೆ ಆ ರಕ್ಷಣೆ ಇಲ್ಲ. ನೀರು ಹೋಗಿ ಕೆಟ್ಟರೆ ಹೆಚ್ಚಿನ ಕಂಪನಿಗಳು ವಾರಂಟಿ ಕೊಡುವುದೂ ಇಲ್ಲ. ಒದ್ದೆ ಫೋನನ್ನು ಚಾರ್ಜಿಗೆ ಹಾಕಬೇಡಿ. ತೋಟದ ಕೆಲಸಕ್ಕೆ ಹೋಗುವವರಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲವೇ ಸಾಕು.

ಇಯರ್‌ಬಡ್ಸ್ ಹಾಕಿಕೊಂಡು ವಾಕಿಂಗ್ ಹೋಗಬಹುದಾ?

ದಯವಿಟ್ಟು ಬೇಡ. ಇದರಲ್ಲಿ ನಾನು ಸ್ವಲ್ಪವೂ ರಾಜಿ ಆಗುವುದಿಲ್ಲ. ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ, ಅಮ್ಮತ್ತಿ ಕಡೆ ಆನೆಗಳು ಕಾಫಿ ತೋಟದೊಳಗೇ ಇರುತ್ತವೆ. ಹಲಸಿನ ಕಾಲದಲ್ಲಿ ಇನ್ನೂ ಜಾಸ್ತಿ. ಕಾಫಿ ಗಿಡಗಳ ಮರೆಯಲ್ಲಿ ಆನೆ ನಿಂತರೆ ಹತ್ತು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ. ಕೊಂಬೆ ಮುರಿಯುವ ಸದ್ದು, ನಾಯಿ ಬೊಗಳುವ ರೀತಿ, ಇವೇ ನಮಗೆ ಮುನ್ಸೂಚನೆ. ನಾಯ್ಸ್ ಕ್ಯಾನ್ಸಲಿಂಗ್ ಎಂದರೆ ಅದೇ ಸದ್ದುಗಳನ್ನು ಅಳಿಸಿಹಾಕುವ ತಂತ್ರ.

ಎಲೆಕ್ಟ್ರಿಕ್ ಸ್ಕೂಟರಿನವರಿಗೂ ಇದೇ ಮಾತು. ಸದ್ದಿಲ್ಲದ ಗಾಡಿ ತಿರುವಿನಲ್ಲಿ ಆನೆಯ ಎದುರಿಗೇ ಹೋಗಿ ನಿಲ್ಲಬಹುದು. ಎರಡೂ ಕಡೆಗೆ ಸುಳಿವೇ ಇರುವುದಿಲ್ಲ. ಬೆಳಗಿನ ಜಾವ, ಸಂಜೆ ಆರರ ನಂತರ ತೋಟದ ರಸ್ತೆಯಲ್ಲಿ ನಿಧಾನವಾಗಿ, ಲೈಟ್ ಹಾಕಿಕೊಂಡು, ಮುಂದೆ ನೋಡಿಕೊಂಡು ಹೋಗಿ. ಆನೆ ಕಂಡರೆ ಫೋನ್ ತೆಗೆದು ವಿಡಿಯೋ ಮಾಡಬೇಡಿ, ದೂರದಲ್ಲೇ ತಿರುಗಿಸಿ.

ಬಿಜಿಎಂಐ (ಪಬ್‌ಜಿಯ ಭಾರತದ ಆವೃತ್ತಿ) ಆಡುವಾಗ ಪಿಂಗ್ ಜಾಸ್ತಿ. ದುಬಾರಿ ಫೋನ್ ತಗೊಂಡರೆ ಸರಿಹೋಗುತ್ತದಾ?

ಇಲ್ಲ. ಪಿಂಗ್ ಎಂದರೆ ಫೋನಿನಿಂದ ಗೇಮಿನ ಸರ್ವರಿಗೆ ಸಂಕೇತ ಹೋಗಿ ಬರಲು ಹಿಡಿಯುವ ಸಮಯ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸರ್ವರ್ ಮುಂಬೈಯಲ್ಲಿದ್ದರೂ ಹೋಗಿ ಬರಲು ಹತ್ತು ಹನ್ನೆರಡು ಮಿಲಿಸೆಕೆಂಡ್ ಸಾಕು. ಉಳಿದ ತಡ ಆಗುವುದು ಹೆಚ್ಚಾಗಿ ನಿಮ್ಮ ಫೋನಿಗೂ ಟವರಿಗೂ ಮಧ್ಯೆ. ಶನಿವಾರ, ಭಾನುವಾರ ಪ್ರವಾಸಿಗರು ತುಂಬಿದಾಗ ಮಡಿಕೇರಿಯ ಟವರುಗಳ ಮೇಲೆ ಹೊರೆ ಬೀಳುತ್ತದೆ, ಆಟ ಜಗ್ಗುತ್ತದೆ. ಫೈಬರ್ ಹಾಕಿಸಿ, ರೂಟರ್ ಇರುವ ಕೋಣೆಯಲ್ಲೇ ಕೂತು 5 ಗಿಗಾಹರ್ಟ್ಸ್ ವೈಫೈಯಲ್ಲಿ ಆಡಿ. ನಮ್ಮ ಹಳೆಯ ಮನೆಗಳ ದಪ್ಪ ಗೋಡೆ ಆ ಸಿಗ್ನಲನ್ನು ಆಚೆಗೆ ಬಿಡುವುದಿಲ್ಲ.

ಸೋನಿಯ ಪಿಎಸ್5 ಗೇಮ್ ಕನ್ಸೋಲ್ ಡಿಸ್ಕ್ ಇರುವುದು ಕೊಳ್ಳಬೇಕಾ, ಡೌನ್‌ಲೋಡ್ ಮಾತ್ರ ಆಗುವ ಡಿಜಿಟಲ್ಲಾ?

ಡಿಸ್ಕ್. ದೊಡ್ಡ ಗೇಮ್ ಒಂದು 100 ಜಿಬಿ ಇರುತ್ತದೆ. 10 ಎಂಬಿಪಿಎಸ್ ನೆಟ್‌ನಲ್ಲಿ ಅದು ಇಳಿಯಲು 22 ಗಂಟೆ ಬೇಕು, ಅದೂ ಮಧ್ಯೆ ಕರೆಂಟ್ ಹೋಗದಿದ್ದರೆ. ಡಿಸ್ಕ್ ಇದ್ದರೆ ಹೆಚ್ಚಿನ ಗೇಮ್‌ಗಳಲ್ಲಿ ಅಪ್‌ಡೇಟ್ ಮಾತ್ರ ಇಳಿಸಿದರೆ ಆಯಿತು. ಆಡಿ ಮುಗಿದ ಮೇಲೆ ಮಾರಬಹುದು, ಸ್ನೇಹಿತರೊಡನೆ ಬದಲಾಯಿಸಿಕೊಳ್ಳಬಹುದು. ಜೊತೆಗೆ ಚಿಕ್ಕ ಯುಪಿಎಸ್ ಒಂದು ಇರಲಿ. ಕರೆಂಟ್ ಹೋದಾಗ ಆಟ ಸೇವ್ ಮಾಡಿ ಸರಿಯಾಗಿ ಆಫ್ ಮಾಡಲು ಬೇಕಾದ ಐದು ನಿಮಿಷ ಅದು ಕೊಡುತ್ತದೆ. ಗೇಮ್ ಸೇವ್ ಆಗುತ್ತಿರುವಾಗ ಕರೆಂಟ್ ಹೋದರೆ ವಾರಗಟ್ಟಲೆ ಆಡಿದ್ದು ಹಾಳಾಗಬಹುದು.

ಪಿಸಿಯಲ್ಲಿ ಆಡುವವರು ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯ ಆಫ್‌ಲೈನ್ ಮೋಡ್ ಕಲಿತುಕೊಳ್ಳಿ. ಸದಾ ಇಂಟರ್ನೆಟ್ ಕೇಳುವ ಗೇಮ್‌ಗಳಿಗೆ ದುಡ್ಡು ಹಾಕುವ ಮೊದಲು ಎರಡು ಸಲ ಯೋಚಿಸಿ.

ಮೊಬೈಲ್ ಗೇಮ್‌ಗಳು ಬ್ಯಾನ್ ಆಗುತ್ತಲೇ ಇರುತ್ತವಲ್ಲ, ದುಡ್ಡು ಹಾಕಬಹುದಾ?

ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ಬ್ಯಾನ್ ಆಯಿತು. 2021ರ ಜುಲೈನಲ್ಲಿ ಬಿಜಿಎಂಐ ಬಂತು. 2022ರ ಜುಲೈನಲ್ಲಿ ಅದೂ ಸ್ಟೋರಿನಿಂದ ಮಾಯವಾಗಿ, 2023ರ ಮೇನಲ್ಲಿ ಮರಳಿತು. ಹೀಗಿರುವಾಗ ಸ್ಕಿನ್, ಬಂದೂಕಿನ ಬಣ್ಣಕ್ಕೆ ಸಾವಿರಾರು ರೂಪಾಯಿ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳ ವಿಷಯ ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸುವ ಕಾನೂನು ಮಾಡಿತು. ಆಡಿದವರಿಗಲ್ಲ, ಆಡಿಸಿದವರಿಗೆ ಮತ್ತು ಜಾಹೀರಾತು ಮಾಡಿದವರಿಗೆ ಅದರಲ್ಲಿ ಶಿಕ್ಷೆ. ಹಾಗಿದ್ದರೂ ಟೆಲಿಗ್ರಾಂನಲ್ಲಿ ಲಿಂಕ್ ಕಳುಹಿಸುವವರಿದ್ದಾರೆ. ಕಾಫಿ ಮಾರಿದ ದುಡ್ಡು ಅಕೌಂಟಿಗೆ ಬಂದ ತಿಂಗಳಲ್ಲಿ ಮನೆಯ ಹುಡುಗರ ಫೋನನ್ನು ಸ್ವಲ್ಪ ಗಮನಿಸಿ.

ಮಕ್ಕಳು ಹಾಕಿ ಬಿಟ್ಟು ಗೇಮ್ ಹಿಡಿದಿದ್ದಾರೆ. ಏನು ಮಾಡೋಣ?

1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಮನೆತನಗಳ ನಡುವಿನ ಕೌಟುಂಬಿಕ ಹಾಕಿ ಶುರುಮಾಡಿದಾಗ ಸ್ಮಾರ್ಟ್‌ಫೋನ್ ಇರಲಿಲ್ಲ. ಈಗ ಅದೇ ಪಂದ್ಯಗಳನ್ನು ದೂರದ ಊರಿನಲ್ಲಿರುವವರು ಮೊಬೈಲಿನಲ್ಲಿ ಲೈವ್ ನೋಡುತ್ತಾರೆ. ಹಾಗಾಗಿ ಎರಡರಲ್ಲಿ ಒಂದನ್ನು ಆರಿಸು ಎಂದು ಮಕ್ಕಳಿಗೆ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಮಳೆಗಾಲದಲ್ಲಿ ಮೈದಾನವೆಲ್ಲ ಕೆಸರು, ಶಾಲೆಗೂ ರಜೆ. ಆಗ ಒಂದೆರಡು ಗಂಟೆ ಗೇಮ್ ಆಡಿದರೆ ಆಡಲಿ. ಮಳೆ ಬಿಟ್ಟ ದಿನ ಸ್ಟಿಕ್ ಹಿಡಿದು ಮೈದಾನಕ್ಕೆ ನೀವೂ ಹೋಗಿ. ದೊಡ್ಡವರು ಸೋಫಾದಲ್ಲಿ ರೀಲ್ಸ್ ನೋಡುತ್ತಾ ಮಕ್ಕಳಿಗೆ ಬುದ್ಧಿ ಹೇಳಿದರೆ ಯಾರು ಕೇಳುತ್ತಾರೆ, ಅಲ್ವಾ?

ಫೋನ್ ಜೊತೆ ನಮ್ಮ ಭಾಷೆಯಲ್ಲಿ ಮಾತಾಡಬಹುದಾ?

ಕನ್ನಡದಲ್ಲಿ ಧಾರಾಳವಾಗಿ. ಗೂಗಲಿನ ಕೀಬೋರ್ಡ್ ಆದ ಜಿಬೋರ್ಡಿನ ಮೈಕ್ ಒತ್ತಿ ಹೇಳಿದರೆ ತಾನೇ ಬರೆದುಕೊಳ್ಳುತ್ತದೆ. ಅಜ್ಜ ಅಜ್ಜಿಯರಿಗೆ ಇದನ್ನು ಕಲಿಸಿಕೊಡಿ, ಟೈಪ್ ಮಾಡುವ ಭಯ ಹೋಗುತ್ತದೆ. 2024ರಲ್ಲಿ ಗೂಗಲ್ ಟ್ರಾನ್ಸ್‌ಲೇಟಿಗೆ ತುಳು ಸೇರಿತು. ಕೊಡವ ತಕ್ಕ್, ಅರೆಭಾಷೆ, ಯರವ ಭಾಷೆಗಳಿಗೂ ಅಂಥ ಕಾಲ ಬರಬೇಕು ಎಂಬುದು ನನ್ನ ದೊಡ್ಡ ಆಸೆ. ನಾವು ಆ ಭಾಷೆಗಳಲ್ಲಿ ಜಾಸ್ತಿ ಬರೆದಷ್ಟೂ ಆ ಕೆಲಸ ಸುಲಭ.

ಡ್ರೋನ್ ಹಾರಿಸಬಹುದಾ?

250 ಗ್ರಾಂ ಒಳಗಿನದ್ದನ್ನು ಖುಷಿಗೆ ಹಾರಿಸಲು ಪೈಲಟ್ ಲೈಸೆನ್ಸ್ ಬೇಡ. ಆದರೆ ಮೊದಲು ಸರ್ಕಾರದ ಡ್ರೋನ್ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ವಲಯದಲ್ಲಿದೆ ಎಂದು ನೋಡಿ. ಕಾಡಿನ ಮೇಲೆ ಅನುಮತಿ ಇಲ್ಲದೆ ಹಾರಿಸಬೇಡಿ. ಪಕ್ಕದ ತೋಟದವರನ್ನೂ ಒಂದು ಮಾತು ಕೇಳಿ.

ಆನ್‌ಲೈನ್‌ನಲ್ಲಿ ಅಗ್ಗ. ಅಂಗಡಿಯಲ್ಲಿ ಯಾಕೆ ಕೊಳ್ಳಬೇಕು?

ಕೆಟ್ಟಾಗ ಎಲ್ಲಿಗೆ ಒಯ್ಯುತ್ತೀರಿ ಎಂದು ಮೊದಲು ಯೋಚಿಸಿ. ಎಷ್ಟೋ ಬ್ರ್ಯಾಂಡ್‌ಗಳ ಸರ್ವಿಸ್ ಸೆಂಟರ್ ಮೈಸೂರಿನಲ್ಲೋ ಮಂಗಳೂರಿನಲ್ಲೋ ಇರುತ್ತದೆ. ಎರಡು ಸಲ ಹೋಗಿ ಬಂದರೆ ಉಳಿಸಿದ ಸಾವಿರ ರೂಪಾಯಿ ಪೆಟ್ರೋಲಿಗೇ ಹೋಗುತ್ತದೆ. ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆಯ ಅಂಗಡಿಯವರು ಮಾರಿದ್ದನ್ನು ತಾವೇ ಕಳುಹಿಸಿ ರಿಪೇರಿ ಮಾಡಿಸಿ ಕೊಡುತ್ತಾರೆ ಎಂದಾದರೆ ಅವರಿಗೆ ಸ್ವಲ್ಪ ಜಾಸ್ತಿ ಕೊಡುವುದರಲ್ಲಿ ನಷ್ಟವಿಲ್ಲ.

ಉಬ್ಬಿದ ಹಳೆಯ ಬ್ಯಾಟರಿ ಏನು ಮಾಡಲಿ?

ಚುಚ್ಚಬೇಡಿ, ಸುಡಬೇಡಿ, ತೋಟದ ಗುಂಡಿಗೆ ಎಸೆಯಬೇಡಿ. ಉಬ್ಬಿದ ಲಿಥಿಯಂ ಬ್ಯಾಟರಿ ಬೆಂಕಿ ಹಿಡಿಯಬಹುದು. ಅದರೊಳಗಿನ ರಾಸಾಯನಿಕ ಮಣ್ಣಿಗೆ, ಅಲ್ಲಿಂದ ತೋಡಿಗೆ, ಕೊನೆಗೆ ಕಾವೇರಿಗೆ ಹೋಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದ್ದು. ಚಾರ್ಜರಿನಿಂದ ತೆಗೆದು, ಮನೆಯ ಹೊರಗೆ ಮಳೆ ತಾಗದ ಕಡೆ ಮಣ್ಣಿನ ಅಥವಾ ತಗಡಿನ ಪಾತ್ರೆಯಲ್ಲಿ ಇಡಿ. ಮುಂದಿನ ಸಲ ಪೇಟೆಗೆ ಹೋಗುವಾಗ ಕೊಂಡ ಅಂಗಡಿಗೋ ಸರ್ವಿಸ್ ಸೆಂಟರಿಗೋ ಒಪ್ಪಿಸಿ.